ಹನ್ನೊಂದು ಗುರುವಾರಗಳ ಟಿಪ್ಪಣಿ

ಜನವರಿ ೧೯

ಮಾನ್ಯರೆ,

ಇಪ್ಪತ್ತಾರು ವರ್ಷದ ಮೇಲೆ ನನ್ನ ಕೈಬರಹ ನೋಡಿ ನಿಮಗೆ ಆಶ್ಚರ್ಯವಾಗಬಹುದು. ವಿಳಾಸ ಸಿಕ್ಕಿದ್ದು ನಿಮ್ಮ ಕನ್ನಡಕದ ಅಂಗಡಿಯ ಜಾಹೀರಾತಿನಿಂದ.

ನಮ್ಮ ಮೇಷ್ಟ್ರು ಹೋದ ಸೆಪ್ಟೆಂಬರಿನಲ್ಲಿ ತೀರಿಕೊಂಡ ಸುದ್ದಿ ಗೊತ್ತಿರಬಹುದು. ಜರ್ಮನ್ ವಿಭಾಗದಿಂದ ಅವರ ಸಂಸ್ಮರಣ ಗ್ರಂಥ ತರುತ್ತಿದ್ದೇವೆ. ವಿಭಾಗದ ಮುಖ್ಯಸ್ಥೆಯಾಗಿ ಸಂಪಾದನೆಯ ಹೊಣೆ ನನ್ನದು. ಜೂನ್ ಕೊನೆಗೆ ಬಿಡುಗಡೆ. ಅದೇ ದಿನ ವಿಭಾಗದ ಓದುಕೋಣೆಗೆ ಅವರ ಹೆಸರಿಡುತ್ತಾರೆ.

ಗುರುವಾರದ ಓದಿನ ಬಗ್ಗೆ ನೀವು ಹತ್ತು ಪುಟ ಬರೆದುಕೊಡಬೇಕೆಂದು ಕೋರಿಕೆ. ಹಳೆಯ ಗ್ರಂಥಾಲಯದ ನಕ್ಷೆಗಳ ಕೋಣೆಯಲ್ಲಿ ಮೇಷ್ಟ್ರು, ನೀವು, ನಾನು ಮೂವರೇ ಕೂತು ಜರ್ಮನ್ ಚಿಂತಕರ ಪ್ರಬಂಧಗಳನ್ನು ಒಂದೊಂದೇ ವಾಕ್ಯವಾಗಿ ಬಿಡಿಸುತ್ತಿದ್ದೆವು. ಇವತ್ತು ಇಲ್ಲಿ ವಿಮರ್ಶಾ ಸಿದ್ಧಾಂತ ಎಂದು ಏನನ್ನು ಕಲಿಸುತ್ತೇವೋ ಅದೆಲ್ಲ ಹುಟ್ಟಿದ್ದು ಆ ಮೇಜಿನ ಮೇಲೆ. ನಿಮ್ಮ ಲೇಖನವಿಲ್ಲದೆ ಗ್ರಂಥ ಪೂರ್ತಿಯಾಗುವುದಿಲ್ಲ.

ಹಳೆಯದನ್ನು ಮರೆತು ಬರೆದುಕೊಡುತ್ತೀರೆಂದು ನಂಬಿದ್ದೇನೆ.

ಇಂತಿ,
ವಿಭಾಗದ ಮುಖ್ಯಸ್ಥೆ
(‘ಶಾಯಿ’ ಎಂದರೆ ಗುರುತು ಸಿಕ್ಕೀತು)


ಫೆಬ್ರವರಿ ೩

ಮುಖ್ಯಸ್ಥೆಯವರೇ,

ಒಂದೇ ತಟ್ಟೆಯಲ್ಲಿ ಉಂಡವಳಿಗೆ ‘ಮಾನ್ಯರೆ’ ಎಂದು ಬರೆಯಲು ಎಷ್ಟು ಹೊತ್ತು ಹಿಡಿಯಿತು? ನಾನಂತೂ ‘ನೀನು’ ಎಂದೇ ಬರೆಯುತ್ತೇನೆ. ಬೈಯುವುದಕ್ಕೆ ಅದೇ ಅನುಕೂಲ.

ಮರೆಯಬೇಕಾದ ಹಳೆಯದು ಯಾವುದು ಎಂದು ನೀನು ಬಿಡಿಸಿ ಹೇಳಿಲ್ಲ. ನಾನೇ ಹೇಳುತ್ತೇನೆ. ಹಾಸ್ಟೆಲ್ ಮುಷ್ಕರದ ವರ್ಷ, ಆಡಳಿತ ಭವನದ ಬಾಗಿಲು ಮುರಿದ ನಾಲ್ಕನೇ ದಿನ, ನನ್ನನ್ನು ರಿಜಿಸ್ಟ್ರಾರ್ ಕೋಣೆಗೆ ಕರೆಸಿದರು. ಬಾಗಿಲು ಮುರಿದ ದಿನ ನಾನು ಊರಲ್ಲೇ ಇರಲಿಲ್ಲ, ಅಕ್ಕನ ಹೆರಿಗೆಗೆ ಹೋಗಿದ್ದೆ. ಅದನ್ನು ಯಾರೂ ಕೇಳಲಿಲ್ಲ. ಒಂದು ಕಾಗದ ಹಿಡಿದು ಮೂರು ವಾಕ್ಯ ಓದಿದರು.

‘ನಿಯಮ ಯಾರಿಗಾಗಿ ಎಂದು ಕೇಳದವರಿಗೆ ಓದು ಬರೀ ಅಲಂಕಾರ.’ ಅದು ನನ್ನ ಮಾತು. ‘ವಿಧೇಯತೆಯನ್ನೇ ಬುದ್ಧಿ ಎಂದು ಇಲ್ಲಿ ಕಲಿಸುತ್ತಾರೆ.’ ಅದೂ ನನ್ನದೇ. ‘ಬಾಗಿಲು ತೆರೆಯದಿದ್ದರೆ ಕೀಲು ಕಿತ್ತು ಒಳಗೆ ಹೋಗಬೇಕು.’ ಅದು ನನ್ನದಲ್ಲ.

“ಇದು ನಾನು ಹೇಳಿಲ್ಲ ಸರ್,” ಅಂದೆ.

“ಉಳಿದ ಎರಡು?”

“ಅವನ್ನ ಹೇಳಿದ್ದೀನಿ.”

“ಎರಡು ಹೇಳಿದವಳು ಮೂರನೇದು ಹೇಳಿರಲ್ವಾ?” ಅಂದರು. ಕೂತಿದ್ದ ಹತ್ತು ಜನವೂ ನಕ್ಕರು.

ನನ್ನ ಸಂಶೋಧನೆ ರದ್ದಾಯಿತು. ಜರ್ಮನಿಯ ವಿದ್ಯಾರ್ಥಿವೇತನದ ಪಟ್ಟಿಯಲ್ಲಿ ನನ್ನ ಹೆಸರು ಮೊದಲಿತ್ತು, ನಿನ್ನದು ಎರಡನೆಯದು. ನೀನು ಹೋದೆ. ಜರ್ಮನ್ ಕಾದಂಬರಿಗಳಲ್ಲಿ ಬಾಗಿಲ ಹಿಂದೆ ನಿಂತು ಕದ್ದು ಕೇಳುವ ಮನೆಗೆಲಸದ ಹೆಂಗಸರ ಬಗ್ಗೆ ಪುಸ್ತಕ ಬರೆದು ಹೆಸರು ಮಾಡಿದೆ. ಆ ವಿಷಯ ಆರಿಸಿಕೊಂಡೆ ಎಂದು ಕೇಳಿದಾಗ ನನಗೆ ನಗು ತಡೆಯಲಾಗಲಿಲ್ಲ.

ಕೋಣೆಯಲ್ಲಿ ಇದ್ದವರು ಮೂವರು. ಬೀಗದಕೈ ಹಿಡಿದು ಹೊರಗೆ ಕೂರುತ್ತಿದ್ದ ಗ್ರಂಥಪಾಲಕನ ಮೇಲೆ ಒಂದು ವರ್ಷ ಗುಮಾನಿ ಪಟ್ಟೆ. ಆಮೇಲೆ ನೆನಪಾಯಿತು, ಪಾಪ, ಆತನಿಗೆ ಎಡಗಿವಿ ಪೂರ್ತಿ ಕಿವುಡು, ಬಲಗಿವಿ ಅರ್ಧ.

ಹತ್ತು ಪುಟ ಇರಲಿ, ಮೊದಲು ಇದಕ್ಕೆ ಉತ್ತರ ಹೇಳು. ನೀನಾ?

ಮೊಂಡಿ


ಫೆಬ್ರವರಿ ೧೭

ಮೊಂಡಿ,

ನಾನಲ್ಲ. ಇಷ್ಟು ವರ್ಷ ನೀನು ಅದನ್ನು ಮನಸ್ಸಿನಲ್ಲಿಟ್ಟುಕೊಂಡಿದ್ದೀಯ ಎಂದು ಈಗ ತಿಳಿಯಿತು. ನಾನು ಮನಸ್ಸಿನಲ್ಲಿಟ್ಟುಕೊಂಡದ್ದನ್ನೂ ಹೇಳುತ್ತೇನೆ, ಕೇಳು.

ನಿನ್ನನ್ನು ಕರೆಸಿದ ಮಾರನೇ ದಿನ ಮೇಷ್ಟ್ರು ನನ್ನನ್ನು ಮನೆಗೆ ಕರೆದರು. ಮೇಲೆ ಓದುವ ಕೋಣೆಗೆ ಕರೆದುಕೊಂಡು ಹೋಗಿ ಬಾಗಿಲು ಮುಂದೆ ಮಾಡಿದರು.

“ನಿನ್ನ ಗೆಳತಿ ಅಲ್ಲಿ ನಿನ್ನ ಹೆಸರನ್ನೂ ಎಳೆದಿದಾಳೆ. ನಾನು ಹೇಗೋ ತಡೆದಿದೀನಿ. ಸ್ವಲ್ಪ ದಿನ ಅವಳ ಹತ್ತಿರ ಮಾತು ಬೇಡ.”

“ಅವಳು ಹಾಗೆ ಮಾಡೋದಿಲ್ಲ ಸರ್.”

“ಹೆದರಿಕೆ ಬಂದಾಗ ಯಾರು ಏನು ಮಾಡ್ತಾರೆ ಅಂತ ನಿನಗೆ ಗೊತ್ತಿಲ್ಲಮ್ಮ.”

ನೀನು ಊರು ಬಿಟ್ಟ ದಿನ ನಾನು ಬಸ್ ನಿಲ್ದಾಣಕ್ಕೆ ಬಂದಿದ್ದೆ. ಟಿಕೆಟ್ ಕೊಡುವ ಕಿಟಕಿಯ ಪಕ್ಕದ ಕಂಬದ ಹಿಂದೆ ನಿಂತಿದ್ದೆ. ಮುಂದೆ ಬರಲಿಲ್ಲ. ನಿನ್ನ ಕಡೆಯಿಂದ ಒಂದು ಕಾಗದ ಬಂದೀತೆಂದು ಕಾದೆ, ಬರಲಿಲ್ಲ. ತಪ್ಪು ಮಾಡಿದವಳು ಬರೆಯುವುದಿಲ್ಲ ಎಂದುಕೊಂಡೆ.

ಇಲ್ಲಿ ಈಗ ಹೊಸ ನಿಯಮ ಬಂದಿದೆ. ಇಪ್ಪತ್ತೈದು ವರ್ಷ ದಾಟಿದ ಗೋಪ್ಯ ಕಡತಗಳನ್ನು ಸಂಬಂಧಪಟ್ಟವರು ಅರ್ಜಿ ಹಾಕಿ ನೋಡಬಹುದು. ಅವರವರ ಕಡತ ಅವರವರಿಗೆ ಮಾತ್ರ. ಬಂದು ನೋಡು. ನನಗೇನೂ ಹೆದರಿಕೆಯಿಲ್ಲ.

ಶಾಯಿ


ಮಾರ್ಚ್ ೮

ಶಾಯಿ,

‘ನನಗೇನೂ ಹೆದರಿಕೆಯಿಲ್ಲ’ ಎಂಬುದನ್ನು ಯಾಕೆ ಬರೆದೆ? ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗಾಯಿತು.

ನಿನ್ನ ಕಾಗದವನ್ನು ಅಂಗಡಿಯಲ್ಲೇ ಓದಿದೆ. ನಮ್ಮತ್ತೆ ಗಲ್ಲಾದ ಹಿಂದಿನಿಂದ ನೋಡುತ್ತಿದ್ದರು. “ಯಾರದೇ ಕಾಗದ?” ಅಂದರು. “ಹಳೇ ಸ್ನೇಹಿತೆದು,” ಅಂದೆ. “ಸ್ನೇಹಿತೆ ಕಾಗದ ಓದೋ ಮುಖ ಅಲ್ಲ ಅದು. ಕೋರ್ಟು ನೋಟೀಸು ಓದೋ ಮುಖ,” ಅಂದರು. ಎಂಬತ್ತೆರಡು ವಯಸ್ಸು, ಕನ್ನಡಕವಿಲ್ಲದೆ ಅಷ್ಟು ಕಾಣುತ್ತದೆ. ಅಂಗಡಿಗೆ ಅವರಿಂದ ಲಾಭವಿಲ್ಲ.

ಮೇಷ್ಟ್ರು ಹಾಗೆ ಹೇಳಿದರೆಂದು ನೀನು ಬರೆದಿದ್ದೀಯ. ಸತ್ತವರು ಬಂದು ಇಲ್ಲವೆನ್ನುವುದಿಲ್ಲ. ನಾನು ನಿನ್ನ ಹೆಸರು ಎತ್ತಿಯೇ ಇಲ್ಲ. ಹಾಗಿದ್ದರೆ ಇಬ್ಬರಲ್ಲಿ ಒಬ್ಬರು ಸುಳ್ಳು ಹೇಳಿದ್ದಾರೆ, ಅವರು, ಇಲ್ಲವೇ ನೀನು. ಹೊರಡುವ ಮುಂಚೆ ನಾನೂ ಅವರ ಮನೆಗೆ ಹೋಗಿದ್ದೆ. ಯಾರು ಮಾಡಿದ್ದು ಎಂದು ಕೇಳಿದೆ. ಅವರು ಕನ್ನಡಕ ತೆಗೆದು ಬಹಳ ಹೊತ್ತು ಒರೆಸಿದರು. ಆಮೇಲೆ, “ಶಾಯಿ ಬುದ್ಧಿವಂತೆ. ಅವಳ ತಂಟೆಗೆ ಹೋಗಬೇಡ,” ಅಂದರು. ನಾನು ಕೇಳಿದ್ದಕ್ಕೆ ಅದೇ ಉತ್ತರ ಎಂದು ತಿಳಿದೆ.

ಇನ್ನೊಂದು ಮಾತು. ಮೂರು ವಾಕ್ಯಗಳ ಕಥೆ ನಿನಗೆ ಬರೆದೆ. ನೀನು ಬಸ್ ನಿಲ್ದಾಣದ ಕಂಬದ ಬಗ್ಗೆ ಬರೆದೆ, ಮೇಷ್ಟ್ರ ಬಾಗಿಲ ಬಗ್ಗೆ ಬರೆದೆ. ಮೂರನೇ ವಾಕ್ಯದ ಬಗ್ಗೆ ಒಂದಕ್ಷರ ಬರೆದಿಲ್ಲ. ಪಠ್ಯದಲ್ಲಿ ಇರುವುದಕ್ಕಿಂತ ಬಿಟ್ಟಿರುವುದನ್ನು ಮೊದಲು ನೋಡು ಎಂದು ನಮಗೆ ಕಲಿಸಿದ್ದರಲ್ಲ. ಕನ್ನಡಕ ಮಾರಿದರೂ ಆ ಪಾಠ ಮರೆತಿಲ್ಲ.

ಅರ್ಜಿ ಹಾಕಿದ್ದೇನೆ. ಬಂದಾಗ ನಿನ್ನ ಮನೆಗೆ ಬರುವುದಿಲ್ಲ.

ಮೊಂಡಿ


ಏಪ್ರಿಲ್ ೧೧

ನಿನ್ನೆ ನನ್ನ ಕಡತ ನೋಡಿದೆ.

ರೆಕಾರ್ಡ್ ವಿಭಾಗ ನೆಲಮಾಳಿಗೆಯಲ್ಲಿದೆ. ಗುಮಾಸ್ತೆ ಒಳ್ಳೆಯ ಹುಡುಗಿ, ಎದುರಿಗೇ ಕೂತಿದ್ದಳು. ನಕಲು ಮಾಡುವಂತಿಲ್ಲ, ಪೆನ್ಸಿಲಿನಲ್ಲಿ ಬರೆದುಕೊಳ್ಳಬಹುದು. ನನ್ನನ್ನು ತೆಗೆದ ಆದೇಶದ ಹಿಂದೆ ದಾರ ಕಟ್ಟಿದ ಮೂವತ್ತು ಹಾಳೆ. ಹನ್ನೊಂದು ಗುರುವಾರಗಳ ಮಾತು, ತಾರೀಖಿನ ಸಮೇತ. ‘ಮೊ’ ಎಂದರೆ ನಾನು, ‘ಶಾ’ ಎಂದರೆ ನೀನು. ಬರೆದವರ ಹೆಸರಿಲ್ಲ. ಬೇಕಾಗಿಯೂ ಇಲ್ಲ. ‘ರ’ ಅಕ್ಷರ ಸಾಲಿನಿಂದ ಮೇಲಕ್ಕೆ ಹಾರುವ ಟೈಪ್‌ರೈಟರ್ ನಿನ್ನ ಸೋದರಮಾವನದು. ಜರ್ಮನ್ ಪದಗಳಿಗೆ ಜಾಗ ಬಿಟ್ಟು ಆಮೇಲೆ ಕೈಯಲ್ಲಿ ತುಂಬಿಸಿದ್ದೀಯ, ಹಸಿರು ಶಾಯಿಯಲ್ಲಿ. ಜರ್ಮನ್ ಸ್ವರಾಕ್ಷರದ ಮೇಲಿನ ಎರಡು ಚುಕ್ಕೆಯನ್ನು ಚುಕ್ಕೆಯಾಗಿ ಇಡದೆ ಎರಡು ಗೀಟು ಎಳೆಯುವವಳು ಇಡೀ ವಿಭಾಗದಲ್ಲಿ ನೀನೊಬ್ಬಳೇ.

ಗುಮಾಸ್ತೆ ಕೇಳಿದಳು, “ಯಾರು ಬರೆದಿದ್ದು ಅಂತ ಗೊತ್ತಾಯ್ತಾ ಮೇಡಂ?”

“ಮೊದಲೇ ಗೊತ್ತಿತ್ತಮ್ಮ,” ಅಂದೆ.

ಇನ್ನು ನನಗೆ ಬರೆಯಬೇಡ.


ಏಪ್ರಿಲ್ ೨೦

ಮೊಂಡಿ,

ಬೇಡವೆಂದರೂ ಬರೆಯುತ್ತಿದ್ದೇನೆ. ಹರಿಯುವ ಮುಂಚೆ ಒಂದು ಸಲ ಓದು.

ಆ ಹಾಳೆಗಳು ನನ್ನವೇ. ಆದರೆ ಅವು ವರದಿಯಲ್ಲ. ನೋಟ್‌ಪುಸ್ತಕದಲ್ಲಿ ನಿನ್ನ ಎದುರೇ ಬರೆದುಕೊಳ್ಳುತ್ತಿದ್ದೆ, ನೆನಪಿಲ್ಲವೇ? “ಬಾಯಿ ಮುಚ್ಚಿಕೊಂಡು ಕೈ ಆಡಿಸೋಳು” ಎಂದು ನನ್ನನ್ನು ರೇಗಿಸುತ್ತಿದ್ದೆ. ವಿಭಾಗದ ದಾಖಲೆಗೆ ಬೇಕು, ಮುಂದೆ ಪುಸ್ತಕ ಮಾಡೋಣ ಎಂದು ಮೇಷ್ಟ್ರು ಹೇಳಿದ್ದರಿಂದ ವಾರವಾರವೂ ಅದನ್ನು ಟೈಪ್ ಮಾಡಿ, ಕಾರ್ಬನ್ ಹಾಕಿ ಎರಡು ಪ್ರತಿ ತೆಗೆಯುತ್ತಿದ್ದೆ. ಒಂದು ನನಗೆ, ಒಂದು ಅವರಿಗೆ. ನನ್ನ ಪ್ರತಿ ಈಗಲೂ ಮನೆಯ ಅಟ್ಟದ ಮೇಲಿದೆ.

ಅವರ ಪ್ರತಿ ರಿಜಿಸ್ಟ್ರಾರ್ ಕೈಗೆ ಹೇಗೆ ಹೋಯಿತೋ ತಿಳಿಯದು. ಅವರ ಕಪಾಟಿಗೆ ಬೀಗವಿರಲಿಲ್ಲ, ಯಾರು ಬೇಕಾದರೂ ತೆಗೆಯಬಹುದಿತ್ತು. ಮುಷ್ಕರದ ದಿನಗಳಲ್ಲಿ ಎಂಥೆಂಥವರೋ ಓಡಾಡುತ್ತಿದ್ದರು. ಮೇಷ್ಟ್ರು ತಾವಾಗಿ ಕೊಟ್ಟಿರಲಾರರು. ನಮಗೆ ಜರ್ಮನ್ ಅಕ್ಷರ ತಿದ್ದಿಸಿದವರು ಅವರು. ‘ಜರ್ಮನ್ ವಾಕ್ಯವೂ ಕನ್ನಡದ ಹಾಗೆಯೇ, ಕೊನೆಯಲ್ಲಿ ಕ್ರಿಯಾಪದ ಬರುವವರೆಗೆ ಯಾರನ್ನೂ ನಂಬಬೇಡಿ’ ಎಂದು ನಗಿಸಿದವರು. ಅವರ ತಲೆಯ ಮೇಲೆ ಗೂಬೆ ಕೂರಿಸಲು ನನಗೆ ಮನಸ್ಸಾಗುವುದಿಲ್ಲ.

ಆ ಹಾಳೆಗಳ ಮೇಲೆ ಯಾವುದಾದರೂ ಪತ್ರ ಲಗತ್ತಿಸಿತ್ತೇ? ಅಷ್ಟು ಹೇಳು.

ಶಾಯಿ


ಮೇ ೫

ಶಾಯಿ,

ಪತ್ರವೇನೂ ಇರಲಿಲ್ಲ. ದಾರದ ಕೆಳಗೆ ಹರಿದ ಕಾಗದದ ತುಣುಕೊಂದು ಸಿಕ್ಕಿಕೊಂಡಿತ್ತು. ಅಲ್ಲಿದ್ದದ್ದನ್ನು ಯಾರೋ ತೆಗೆದು ಬೇರೆ ಕಡೆ ಇಟ್ಟಿರಬೇಕು ಎಂದು ಗುಮಾಸ್ತೆ ಹೇಳಿದಳು.

ಬೇರೆ ಕಡೆ ಅಂದರೆ ಎಲ್ಲಿ? ಆ ವರ್ಷ ಇಬ್ಬರ ಹಣೆಬರಹ ಬರೆದರು. ಒಬ್ಬಳನ್ನು ಹೊರಗೆ ಹಾಕಿದರು, ಒಬ್ಬಳನ್ನು ಜರ್ಮನಿಗೆ ಕಳಿಸಿದರು. ಹೊರಗೆ ಹಾಕಿದವಳ ಕಡತ ನಾನು ನೋಡಿದ್ದಾಯಿತು. ಇನ್ನೊಂದನ್ನು ನೋಡುವ ಹಕ್ಕು ಇರುವುದು ನಿನಗೊಬ್ಬಳಿಗೆ. ನೆಲಮಾಳಿಗೆಗೂ ನಿನ್ನ ಕೋಣೆಗೂ ನಡುವೆ ಎರಡು ಮಹಡಿ ಮೆಟ್ಟಿಲು. ನಿಯಮ ಬಂದು ವರ್ಷವಾಗುತ್ತಾ ಬಂತಂತೆ. ಸತ್ತ ಜರ್ಮನ್ ಲೇಖಕರ ಕಾಗದಕ್ಕಾಗಿ ಸಾವಿರಾರು ಮೈಲಿ ಹೋಗುವವಳು ಆ ಮೆಟ್ಟಿಲು ಯಾಕೆ ಇಳಿದಿಲ್ಲ?

ಮೊಂಡಿ


ಮೇ ೨೬

ಮೊಂಡಿ,

ಇಳಿದೆ.

ನನ್ನ ಕಡತ ನಿನ್ನದಕ್ಕಿಂತ ತೆಳು. ವಿದ್ಯಾರ್ಥಿವೇತನದ ಆದೇಶದ ಕೆಳಗೇ ಆ ಪತ್ರವಿದೆ. ಒಂದು ಮೂಲೆ ಹರಿದಿದೆ. ಮೇಷ್ಟ್ರ ಕೈಬರಹ, ಅನುಮಾನವೇ ಇಲ್ಲ. ಜರ್ಮನ್ ವಿಭಾಗವನ್ನು ಮುಚ್ಚುವ ಪ್ರಸ್ತಾವವನ್ನು ಮತ್ತೊಮ್ಮೆ ಪರಿಶೀಲಿಸಬೇಕೆಂದು ಶುರುವಾಗುತ್ತದೆ. ವಿಭಾಗವು ಆಡಳಿತಕ್ಕೆ ಎಂದೂ ವಿರುದ್ಧವಲ್ಲ. ಅದಕ್ಕೆ ಸಾಕ್ಷಿಯಾಗಿ ತಮ್ಮ ಸೂಚನೆಯಂತೆ ಒಬ್ಬ ವಿದ್ಯಾರ್ಥಿನಿ ಸಿದ್ಧಪಡಿಸಿದ ಟಿಪ್ಪಣಿಗಳನ್ನು ಒಪ್ಪಿಸುತ್ತಿದ್ದಾರೆ. ತೊಂದರೆಯ ಮೂಲ ಯಾರೆಂಬುದು ಅವುಗಳಿಂದಲೇ ತಿಳಿಯುತ್ತದೆ. ಟಿಪ್ಪಣಿ ಬರೆದವಳು ನಂಬಿಕಸ್ಥೆ, ಮೆದು ಸ್ವಭಾವದವಳು, ವಿದ್ಯಾರ್ಥಿವೇತನಕ್ಕೆ ಯೋಗ್ಯಳು. ಕೊನೆಗೆ ಸಹಿ.

ಇಲ್ಲಿಗೆ ನಿಲ್ಲಿಸಿದರೆ ನಾನು ಪಾರು. ಹಾಗೆ ನಿಲ್ಲಿಸಿದ ಒಂದು ಕಾಗದ ಬರೆದು ಮೂರು ದಿನ ಮೇಜಿನ ಮೇಲಿಟ್ಟುಕೊಂಡಿದ್ದೆ. ಅಂಚೆಗೆ ಹಾಕಲಾಗಲಿಲ್ಲ.

ಮೂರನೇ ವಾಕ್ಯ ನನ್ನದು. ಬಾಗಿಲು, ಕೀಲು, ಎಲ್ಲ ನಾನು ಆಡಿದ ಮಾತು. ಮೇಷ್ಟ್ರು ನೀರು ಕುಡಿಯಲು ಹೊರಗೆ ಹೋಗಿದ್ದರು, ನೀನು ನಿಘಂಟಿನಲ್ಲಿ ಯಾವುದೋ ಪದ ಹುಡುಕುತ್ತಿದ್ದೆ. ಓದುತ್ತಿದ್ದ ಪುಟದ ಬಿಸಿಗೆ ನನ್ನ ಬಾಯಿಂದ ಬಂತು. ನೀನು ತಲೆಯೆತ್ತದೆ “ಹೂಂ” ಅಂದೆ. ನೋಟ್‌ಪುಸ್ತಕದಲ್ಲಿ ‘ಶಾ’ ಎಂದೇ ಬರೆದಿದ್ದೇನೆ. ಟೈಪ್ ಮಾಡುವಾಗ ಆ ಮಾತು ನನ್ನ ಅಕ್ಷರದ ಪಕ್ಕ ಕೂತದ್ದು ನೋಡಿ ಹೆದರಿಕೆಯಾಯಿತು. ಮೇಷ್ಟ್ರು ಓದುತ್ತಾರೆ. ಅವರ ಕಣ್ಣಿಗೆ ನಾನು ಮೆದು ಹುಡುಗಿ. ನೀನು ಹೇಗೂ ಇಂಥವನ್ನು ಆಡುತ್ತಿರುತ್ತೀಯ, ಒಂದು ಹೆಚ್ಚಾದರೆ ನಿನಗೇನು ನಷ್ಟ ಎಂದುಕೊಂಡು ‘ಮೊ’ ಎಂದು ಒತ್ತಿದೆ. ಮುಂದಿನ ವಾರವೇ ಆ ಬಾಗಿಲು ನಿಜವಾಗಿ ಮುರಿಯುತ್ತದೆಂದು ನನಗೇನು ಗೊತ್ತು.

ಇದನ್ನು ಮರೆತಿದ್ದೆ ಎಂದು ಮೊದಲು ಬರೆದು ಹೊಡೆದುಹಾಕಿದ್ದೇನೆ, ಮೇಲೆ ಕಾಣುತ್ತಿರಬಹುದು. ಮರೆತಿರಲಿಲ್ಲ. ನಿನ್ನ ಮೇಲೆ ಏನು ಆರೋಪ ಬಂತೆಂದು ನಾನು ಯಾರನ್ನೂ ಕೇಳದೆ ಉಳಿದದ್ದು ಅದಕ್ಕೇ. ನೀನು ನನ್ನ ಹೆಸರು ಎಳೆದೆ ಎಂದು ಮೇಷ್ಟ್ರು ಹೇಳಿದಾಗ ನನಗೆ ಸಿಟ್ಟು ಬಂತು, ಜೊತೆಗೆ ಒಂಥರಾ ನೆಮ್ಮದಿಯೂ ಆಯಿತು. ಅದೇ ನೆಮ್ಮದಿಯಲ್ಲಿ ಇಷ್ಟು ವರ್ಷ ಬದುಕಿದೆ.

ಶಾಯಿ


ಜೂನ್ ೧೨

ಶಾಯಿ,

ಎರಡು ವಾರ ನಿನ್ನ ಕಾಗದ ಬೀರುವಿನಲ್ಲಿಟ್ಟು ದಿನವೂ ತೆಗೆದು ಓದಿದೆ. ಚೆನ್ನಾಗಿ ಬರೆದಿದ್ದೀಯ. ಅದೇ ನನ್ನ ತಕರಾರು. ತಪ್ಪೊಪ್ಪಿಕೊಳ್ಳುವಾಗಲೂ ನೀನು ಲಕ್ಷಣವಾಗಿ ಕಾಣುತ್ತೀಯ. ಮೂರು ದಿನ ಒದ್ದಾಡಿದ ಸಂಗತಿಯನ್ನು ಓದುವವಳಿಗೆ ತಿಳಿಯುವ ಹಾಗೆ ಸೇರಿಸಿದ್ದೀಯ. ಇದನ್ನು ಬರೆದದ್ದು ನನಗಾಗಿಯೋ, ನಿನ್ನ ನೆಮ್ಮದಿಗಾಗಿಯೋ? ನಾನು ಕ್ಷಮಿಸಿದೆ ಎಂದು ಎರಡು ಸಾಲು ಗೀಚಿದರೆ ನೀನು ಹಗುರಾಗಿ ಹೋಗಿ ಸಂಸ್ಮರಣ ಗ್ರಂಥದ ಕರಡು ತಿದ್ದುತ್ತೀಯ. ಹಾವೂ ಸತ್ತಿತು, ಕೋಲೂ ಮುರಿಯಲಿಲ್ಲ.

ನನ್ನ ಯಜಮಾನರು ಹೇಳುತ್ತಾರೆ, “ಬಿಟ್ಟುಬಿಡು, ಅವಳು ಒಪ್ಪಿಕೊಂಡ್ಳಲ್ಲ.” ಅವರು ಒಳ್ಳೆಯವರು. ಇಪ್ಪತ್ನಾಲ್ಕನೇ ವಯಸ್ಸಿನಲ್ಲಿ ಅವರನ್ನು ನೋಡಿ ಹತ್ತು ಜನ ನಕ್ಕಿಲ್ಲ.

ಆ ವಾಕ್ಯವನ್ನು ನನ್ನದೆಂದು ಓದಿದ್ದು ತುಂಬಿದ ಕೋಣೆಯಲ್ಲಿ. ಅದು ನಿನ್ನದೆಂದು ನೀನು ಹೇಳಿದ್ದು ಮುಚ್ಚಿದ ಲಕೋಟೆಯಲ್ಲಿ. ಲೆಕ್ಕ ನೀನೇ ಹಾಕು.

ಮೊಂಡಿ


ಜುಲೈ ೩

ಮೊಂಡಿ,

ನಿನ್ನ ಕಾಗದಕ್ಕೆ ಉತ್ತರ ಬರೆಯದೆ ಇದ್ದದ್ದು ಸಮಾರಂಭ ಮುಗಿಯಲಿ ಎಂದು. ಮೊದಲೇ ತಿಳಿಸಿದ್ದರೆ ಮಾಡದೆ ಬಿಟ್ಟುಬಿಡುತ್ತಿದ್ದೆನೇನೋ, ನನ್ನ ಮೇಲೆ ನನಗೇ ನಂಬಿಕೆಯಿರಲಿಲ್ಲ.

ಕಳೆದ ಶನಿವಾರ ಸಭಾಂಗಣದಲ್ಲಿ ನೂರೈವತ್ತು ಜನರಿದ್ದರು. ಸಂಪಾದಕಿಯ ಮಾತಿಗೆ ಹತ್ತು ನಿಮಿಷ ಕೊಟ್ಟಿದ್ದರು. ಮೇಷ್ಟ್ರ ಪತ್ರದ ಸಾರ ಹೇಳಿದೆ. ನಿನ್ನ ನಿಜವಾದ ಹೆಸರು ಹೇಳಿದೆ. ಮೂರನೇ ವಾಕ್ಯವನ್ನು ಓದಿ, ಇದು ನನ್ನ ಮಾತು, ಇದನ್ನು ಗೆಳತಿಯ ಹೆಸರಿಗೆ ಬರೆದವಳೂ ನಾನೇ ಎಂದೆ. ಅಷ್ಟರಲ್ಲಿ ಮೈಕು ಕೆಟ್ಟಿತು. ಕೆಟ್ಟಿತೋ ಕೆಡಿಸಿದರೋ ಗೊತ್ತಿಲ್ಲ. ಉಳಿದದ್ದನ್ನು ಗಂಟಲೆತ್ತಿ ಹೇಳಿದೆ. ಹಿಂದಿನ ಸಾಲಿನವರು ಎದ್ದು ಹೋದರು, ಮುಂದಿನ ಸಾಲಿನವರು ಪುಸ್ತಕದ ಕಟ್ಟು ನೋಡುತ್ತಾ ಕೂತರು.

ಇಳಿದು ಬಂದಾಗ ಮೇಷ್ಟ್ರ ಹೆಂಡತಿ ನನ್ನ ಕೈ ಹಿಡಿದುಕೊಂಡರು. ಬೈಯುತ್ತಾರೆ ಎಂದುಕೊಂಡೆ. ಮೆಲ್ಲಗೆ ಹೇಳಿದರು, “ಅವರು ಮಾಡಿದ್ದರಿಂದ ವಿಭಾಗ ಉಳೀತು. ಆ ಕುರ್ಚಿ ಮೇಲೆ ಹದಿನೆಂಟು ವರ್ಷ ಕೂತಿದ್ದು ನೀನು. ಅವರು ಇದ್ದಾಗಲೇ ಕೇಳಬಹುದಿತ್ತಲ್ಲಮ್ಮ.”

ಕೈ ಬಿಡಿಸಿಕೊಂಡು ಹೊರಗೆ ಬಂದೆ.

ಓದುಕೋಣೆಯ ಫಲಕವನ್ನು ಬಟ್ಟೆ ಸರಿಸದೆ ಹಾಗೇ ಬಿಟ್ಟಿದ್ದಾರೆ. ಗ್ರಂಥವನ್ನು ತಡೆಹಿಡಿದಿದ್ದಾರೆ. ಸೋಮವಾರ ನನ್ನನ್ನು ಮುಖ್ಯಸ್ಥೆಯ ಸ್ಥಾನದಿಂದ ಇಳಿಸಿದ ಆದೇಶ ಬಂತು. ಪಾಠ ಮಾಡಬಹುದು, ಅಷ್ಟೇ. ಮೊನ್ನೆ ತರಗತಿಗೆ ಹೋದರೆ ನಾನು ಬಾಯಿ ತೆರೆಯುವ ಮುಂಚೆಯೇ ಒಬ್ಬಳು ಹುಡುಗಿ ಪೆನ್ನಿನ ಮುಚ್ಚಳ ಹಾಕಿ ಮೇಜಿನ ಮೇಲಿಟ್ಟಳು. ನನ್ನ ಎದುರು ಟಿಪ್ಪಣಿ ಬರೆದುಕೊಳ್ಳಲು ಅವಳಿಗೆ ಹೆದರಿಕೆಯೋ, ಅಥವಾ ಬರೆದುಕೊಳ್ಳುವಷ್ಟು ಬೆಲೆ ನನ್ನ ಮಾತಿಗೆ ಉಳಿದಿಲ್ಲವೋ ತಿಳಿಯಲಿಲ್ಲ.

ನಿನ್ನಿಂದ ಏನನ್ನೂ ಕೇಳುತ್ತಿಲ್ಲ.

ಶಾಯಿ


ಜುಲೈ ೧೮

ಶಾಯಿ,

ನಿನ್ನ ಕಾಗದ ಬಂದ ದಿನವೇ ರೆಕಾರ್ಡ್ ವಿಭಾಗದ ಗುಮಾಸ್ತೆಗೆ ಫೋನ್ ಮಾಡಿದೆ. “ಹೌದು ಮೇಡಂ, ನಾನು ಅಲ್ಲೇ ಇದ್ದೆ, ಎಲ್ಲಾ ಹೇಳಿದ್ರು. ನಿಮ್ಮ ಹೆಸರು ಎರಡು ಸಲ ಹೇಳಿದ್ರು,” ಅಂದಳು. ನಿನ್ನ ಮಾತನ್ನು ಮೂರನೆಯವರಲ್ಲಿ ವಿಚಾರಿಸಿದ್ದಕ್ಕೆ ಕ್ಷಮೆ ಕೇಳುವುದಿಲ್ಲ. ಈ ಅಭ್ಯಾಸ ಇನ್ನು ನನ್ನನ್ನು ಬಿಟ್ಟು ಹೋಗುವುದಿಲ್ಲ.

ಸಂತೋಷವಾಯಿತೇ ಎಂದು ಯಜಮಾನರು ಕೇಳಿದರು. ಆಗಲಿಲ್ಲ. ಅಂಗಡಿ ಮುಚ್ಚಿ ಗಲ್ಲಾದ ಹಿಂದೆ ಕೂತೆ. ಅತ್ತೆ ಬಂದು ಪಕ್ಕದಲ್ಲಿ ಕೂತರು. ಅವರು ಏನೂ ಕೇಳದೆ ಇದ್ದದ್ದು ಈ ಮನೆಗೆ ಬಂದ ಮೇಲೆ ಅದೇ ಮೊದಲು.

ನಿನ್ನನ್ನು ಕ್ಷಮಿಸಿದ್ದೇನೆಯೋ ಇಲ್ಲವೋ ನನಗೆ ಗೊತ್ತಿಲ್ಲ. ಗೊತ್ತಾದಾಗ ಹೇಳುತ್ತೇನೆ. ಆದರೆ ಒಂದು ಕೆಲಸವಿದೆ. ಹಾಸ್ಟೆಲ್ ಬಿಡುವ ದಿನ ನನ್ನ ಪ್ರಬಂಧದ ಅಧ್ಯಾಯಗಳನ್ನೂ ನೋಟ್‌ಪುಸ್ತಕಗಳನ್ನೂ ನೀರು ಕಾಯಿಸುವ ಒಲೆಗೆ ಹಾಕಿದೆ. ಒಂದು ಹಾಳೆಯನ್ನೂ ಉಳಿಸಲಿಲ್ಲ. ಆ ದಿನ ನೆಲಮಾಳಿಗೆಯಲ್ಲಿ ನಿನ್ನ ಹಾಳೆಗಳನ್ನು ಬಿಡದೆ ತಿರುವಿದ್ದು ಸಿಟ್ಟಿಗೆ ಎಂದುಕೊಂಡಿದ್ದೆ. ಪೂರ್ತಿ ಸಿಟ್ಟಲ್ಲ. ಐದನೇ ಗುರುವಾರ ನಾನು ಒಂದು ಇಡೀ ಪುಟ ಮಾತಾಡಿದ್ದೇನೆ. ಮೇಷ್ಟ್ರಿಗೆ ಅಡ್ಡ ಹಾಕಿ, ಎದುರು ವಾದ ಮಾಡಿ, ಕೊನೆಗೆ ನನ್ನ ಮಾತನ್ನು ನಾನೇ ತಿದ್ದಿಕೊಂಡಿದ್ದೇನೆ. ಒಂದು ಪದ ಬಿಡದೆ ಬರೆದಿದ್ದೀಯ. ಗುಮಾಸ್ತೆ ಹೊತ್ತಾಯಿತು ಅಂದಳು, ಅರ್ಧಕ್ಕೆ ಮುಚ್ಚಿದೆ.

ಭಾನುವಾರ ಅಂಗಡಿಗೆ ರಜೆ. ಅಟ್ಟದ ಮೇಲಿನ ಪ್ರತಿಯನ್ನು ತೆಗೆದುಕೊಂಡು ಬಾ. ಏನನ್ನೂ ತಿದ್ದಬೇಡ, ಹೊಸದಾಗಿ ಟೈಪ್ ಮಾಡಿಸಬೇಡ, ಮೂರನೇ ವಾಕ್ಯವೂ ಇದ್ದ ಹಾಗೇ ಇರಲಿ. ಆಗ ನಾನಾಗಿದ್ದ ಆ ಹುಡುಗಿ ಏನು ಯೋಚಿಸುತ್ತಿದ್ದಳು ಎಂದು ನಾನು ಪೂರ್ತಿ ಓದಬೇಕು. ಅವಳು ಆಡಿದ್ದನ್ನು ಬರೆದಿಟ್ಟವಳು ಜಗತ್ತಿನಲ್ಲಿ ನೀನೊಬ್ಬಳೇ.

ಮೊಂಡಿ